ಅಕ್ಷರ ಒಲಿಯದ ಮಕ್ಕಳು: ಕ್ರೈಸ್ತ ಶಾಲೆಗಳ ಮುಂದಿರುವ ಕರ್ತವ್ಯ

(ಇನ್ನಂಜೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪರಿಷ್ಕೃತ ಲಿಖಿತ ರೂಪ)



ಈ ವೇದಿಕೆಗೆ ನನ್ನನ್ನು ಕರೆದಾಗ ಸಾಹಿತ್ಯದ ಕುರಿತು ಮಾತನಾಡುತ್ತೇನೆಂದು ನೀವು ನಿರೀಕ್ಷಿಸಿರಬಹುದು. ಕರಾವಳಿಯ ಕ್ರೈಸ್ತ ಆಡಳಿತದ ಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಕಲಿಸಿದವನು ನಾನು. ಹಾಡಿದ ಪದ್ಯಗಳು, ಆಡಿಸಿದ ನಾಟಕಗಳು, ಬಹುಮಾನ ತಂದ ಮಕ್ಕಳು, ಹೇಳಿಕೊಳ್ಳುವುದಕ್ಕೆ ಬೇಕಾದಷ್ಟಿದೆ. ಆದರೆ ನಿವೃತ್ತಿಯ ನಂತರ ನನ್ನ ನೆನಪಿಗೆ ಮತ್ತೆ ಮತ್ತೆ ಬರುವವರು ಬಹುಮಾನ ತಂದವರಲ್ಲ. ಪುಸ್ತಕ ಬಿಡಿಸಿದೊಡನೆ ಮುಖ ಬಾಡುತ್ತಿದ್ದ, ಕಡೆಯ ಬೆಂಚಿನ ಕೆಲವು ಮಕ್ಕಳು. ಈ ಉಪನ್ಯಾಸ ಅವರಿಗೆ ಸಲ್ಲಬೇಕಾದದ್ದು.

ಇಲ್ಲಿಗೆ ಹತ್ತಿರದ ಪಾಜಕ ನಿಮಗೆಲ್ಲ ಗೊತ್ತು. ಮಧ್ವಾಚಾರ್ಯರು ಹುಟ್ಟಿದ ಊರು. ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದಲ್ಲಿ ಬಾಲಕ ವಾಸುದೇವನ ಅಕ್ಷರಾಭ್ಯಾಸದ ಪ್ರಸಂಗವೊಂದು ಬರುತ್ತದೆ. ತಂದೆ ಒಂದು ದಿನ ಅಕ್ಷರ ಬರೆದು ತೋರಿಸಿದರು. ಮರುದಿನ ಅದನ್ನೇ ಮತ್ತೆ ಬರೆದಾಗ, ನಿನ್ನೆ ಬರೆದದ್ದನ್ನೇ ಇಂದೂ ಯಾಕೆ ಬರೆಯುತ್ತೀರಿ ಎಂದು ಮಗು ಕೇಳಿತು. ಒಮ್ಮೆ ಕಂಡ ಅಕ್ಷರ ಅಲ್ಲಿಗೇ ಒಲಿದುಬಿಟ್ಟಿತ್ತು. ಇದೇ ಮಣ್ಣಿನಲ್ಲಿ ಸಾವಿರ ಸಲ ಬರೆದು ತೋರಿಸಿದರೂ ಅಕ್ಷರ ಒಲಿಯದ ಮಕ್ಕಳೂ ಹುಟ್ಟಿದ್ದಾರೆ, ಹುಟ್ಟುತ್ತಿದ್ದಾರೆ. ಅವರಿಗೂ ಬುದ್ಧಿ ಉಂಟು, ಆಸೆ ಉಂಟು, ಮಾನ ಉಂಟು. ಅವರ ಕಥೆಯನ್ನು ಯಾವ ಕಾವ್ಯವೂ ಬರೆಯಲಿಲ್ಲ.

ಒಬ್ಬ ಹುಡುಗನ ಕಥೆ

ಹೆಸರು ಹೇಳುವುದಿಲ್ಲ. ಶಂಕರಪುರ ಮಲ್ಲಿಗೆ ಬೆಳೆಯುವ ಮನೆಯ ಹುಡುಗ. ಬೆಳಿಗ್ಗೆ ಎದ್ದು ಅಮ್ಮನ ಜೊತೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಶಾಲೆಗೆ ಬರುತ್ತಿದ್ದ. ಮಲ್ಲಿಗೆಯ ಲೆಕ್ಕ ಈ ಭಾಗದವರಿಗೆ ಹೇಳಬೇಕಾಗಿಲ್ಲ: ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿ ಒಂದು ಅಟ್ಟೆ. ಹತ್ತು ವರ್ಷದ ಆ ಹುಡುಗ ಎಣಿಸಿದ ಚೆಂಡಿನಲ್ಲಿ ಒಂದು ಮೊಗ್ಗು ಹೆಚ್ಚುಕಡಿಮೆ ಆಗುತ್ತಿರಲಿಲ್ಲ ಎಂದು ಅವನ ತಾಯಿ ಹೇಳುತ್ತಿದ್ದರು.

ಐದನೆಯ ತರಗತಿಯಲ್ಲಿ ನಾನು ಮಕ್ಕಳಿಂದ ಸರದಿಯಂತೆ ಪಾಠ ಓದಿಸುತ್ತಿದ್ದೆ. ಈ ಹುಡುಗ ಯಾವಾಗಲೂ ಕೊನೆಯಲ್ಲಿ ಕೂರುತ್ತಿದ್ದ. ತನ್ನ ಸರದಿ ಬರುವಷ್ಟರಲ್ಲಿ ಉಳಿದವರು ಓದಿದ್ದೆಲ್ಲ ಅವನ ಕಿವಿಯಲ್ಲಿ ಅಚ್ಚಾಗಿರುತ್ತಿತ್ತು. ಪುಸ್ತಕ ಹಿಡಿದು, ಬೆರಳು ಸಾಲಿನ ಮೇಲೆ ಓಡಿಸುತ್ತ, ಕೇಳಿದ್ದನ್ನು ಒಪ್ಪಿಸುತ್ತಿದ್ದ. ನನಗೆ ಅನುಮಾನ ಬಂದಿರಲೇ ಇಲ್ಲ. ಒಂದು ದಿನ ಸರದಿಯನ್ನು ಹಿಂದಿನಿಂದ ಶುರುಮಾಡಿದೆ. ಅವನು ಎದ್ದು ನಿಂತ. ಪುಸ್ತಕ ನೋಡಿದ, ನನ್ನನ್ನು ನೋಡಿದ, ಮತ್ತೆ ಪುಸ್ತಕ ನೋಡಿದ. ಮೊದಲ ಪದದ ಮೇಲಿಟ್ಟ ಬೆರಳು ಅಲ್ಲೇ ನಿಂತಿತು. ತರಗತಿ ನಗತೊಡಗಿತು. ಇಷ್ಟು ದಿನ ನನ್ನನ್ನು ಮೋಸಗೊಳಿಸಿದ ಎಂಬ ಸಿಟ್ಟಿನಲ್ಲಿ ಅವನನ್ನು ಹೊರಗೆ ಮೊಣಕಾಲೂರಿಸಿದೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಪಕ್ಕ ‘ಸೋಮಾರಿ’ ಎಂದು ಬರೆದುಕೊಂಡೆ.

ಅವನ ತಾಯಿ ಬಂದು ತುಳುವಿನಲ್ಲಿ ಒಂದೇ ಮಾತು ಹೇಳಿದರು: “ಆಯಗ್ ಓದರೆ ಬರ್ಪುಜಿ ಮಾಸ್ಟ್ರೇ.” ಅವನಿಗೆ ಓದಲಿಕ್ಕೆ ಬರುವುದಿಲ್ಲ. ಅದನ್ನು ನಾನು ದೂರು ಎಂದು ಕೇಳಿಸಿಕೊಂಡೆ. ರೋಗಿಯ ತಾಯಿ ವೈದ್ಯನಿಗೆ ಲಕ್ಷಣ ಹೇಳಿದಂತೆ ಆಕೆ ಹೇಳಿದ್ದರು; ಹಾಗೆ ಕೇಳಿಸಿಕೊಳ್ಳುವ ತಿಳಿವಳಿಕೆ ನನ್ನಲ್ಲಿರಲಿಲ್ಲ. ಹುಡುಗ ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟ. ಎಷ್ಟೋ ವರ್ಷಗಳ ನಂತರ ನಮ್ಮ ಮನೆಯ ಬಾವಿಯ ಪಂಪು ಸರಿಮಾಡಲು ಬಂದ. ಶಬ್ದ ಕೇಳಿಯೇ ದೋಷ ಹೇಳಿದ, ಅರ್ಧ ಗಂಟೆಯಲ್ಲಿ ರಿಪೇರಿ ಮುಗಿಸಿದ. ಹೊರಡುವಾಗ ಹೊಸ ಬಿಡಿಭಾಗದ ಪೆಟ್ಟಿಗೆಯೊಳಗಿನ ಕಾಗದವನ್ನು ನನ್ನ ಕೈಗಿತ್ತು, “ಸರ್, ಇದರಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ಓದಿ ಹೇಳ್ತೀರಾ?” ಎಂದ. ಕನ್ನಡದಲ್ಲೇ ಇತ್ತು. ಅದನ್ನು ಓದಿ ಹೇಳಿದಾಗ ನನ್ನ ಗಂಟಲು ಕಟ್ಟಿತು. ಐದು ವರ್ಷ ನನ್ನ ಮುಂದೆ ಕುಳಿತಿದ್ದ ಮಗುವಿನ ಪಕ್ಕದಲ್ಲಿ ಹತ್ತು ನಿಮಿಷ ಒಬ್ಬನೇ ಕುಳಿತು ಅವನ ಓದನ್ನು ನಾನು ಕೇಳಿರಲಿಲ್ಲ.

ಇದು ದಡ್ಡತನವಲ್ಲ

ನಮ್ಮ ಹುಡುಗನಿಗೆ ಇದ್ದುದಕ್ಕೆ ಕನ್ನಡದಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎನ್ನುತ್ತೇವೆ. ಓದುವುದರಲ್ಲಿ ಕಾಣಿಸಿಕೊಂಡರೆ ಡಿಸ್ಲೆಕ್ಸಿಯಾ, ಬರವಣಿಗೆಯಲ್ಲಾದರೆ ಡಿಸ್ಗ್ರಾಫಿಯಾ, ಲೆಕ್ಕದಲ್ಲಾದರೆ ಡಿಸ್ಕ್ಯಾಲ್ಕುಲಿಯಾ. ಕಣ್ಣು ಸರಿಯಾಗಿದೆ, ಕಿವಿ ಸರಿಯಾಗಿದೆ, ಬುದ್ಧಿಗೆ ಕೊರತೆಯಿಲ್ಲ, ಶಾಲೆಗೂ ಬರುತ್ತಿದ್ದಾನೆ. ಆದರೂ ಧ್ವನಿಯನ್ನು ಅಕ್ಷರಕ್ಕೆ, ಅಕ್ಷರವನ್ನು ಧ್ವನಿಗೆ ಕಟ್ಟುವ ಕೆಲಸ ಮಿದುಳಿನಲ್ಲಿ ಸುಲಭವಾಗಿ ಸಾಗುವುದಿಲ್ಲ. ಇದು ಬೌದ್ಧಿಕ ನ್ಯೂನತೆಗಿಂತ ಬೇರೆ. ನಮ್ಮ ನೆರೆಯ ಪಾಂಬೂರಿನಲ್ಲಿ ಕೆಥೊಲಿಕ್ ಸಭಾ ನಡೆಸುವ ಮಾನಸ ಕೇಂದ್ರ ಬೌದ್ಧಿಕ ನ್ಯೂನತೆಯ ಮಕ್ಕಳಿಗಾಗಿ ಮಾಡುತ್ತಿರುವ ಸೇವೆ ದೊಡ್ಡದು. ನಾನು ಇಂದು ಹೇಳುತ್ತಿರುವ ಮಕ್ಕಳು ಅಲ್ಲಿಗೆ ಹೋಗಬೇಕಾದವರಲ್ಲ. ಅವರು ನಮ್ಮ ಸಾಮಾನ್ಯ ತರಗತಿಗಳಲ್ಲೇ ಇದ್ದಾರೆ, ಅಲ್ಲೇ ಇರಬೇಕಾದವರು.

ಈ ಸಂಗತಿ ಹೊಸದಲ್ಲ. 1887ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ ‘ಡಿಸ್ಲೆಕ್ಸಿಯಾ’ ಎಂಬ ಶಬ್ದವನ್ನು ಬಳಕೆಗೆ ತಂದರು. ಅವರ ಮುಂದಿದ್ದವರು ಮಿದುಳಿಗೆ ಪೆಟ್ಟಾಗಿ ಓದುವ ಶಕ್ತಿ ಕಳೆದುಕೊಂಡ ದೊಡ್ಡವರು. 1896ರಲ್ಲಿ ಇಂಗ್ಲೆಂಡಿನ ಸೀಫೋರ್ಡ್ ಎಂಬ ಕಡಲತಡಿಯ ಊರಿನ ವೈದ್ಯ ಪ್ರಿಂಗಲ್ ಮೋರ್ಗನ್, ಹುಟ್ಟಿನಿಂದಲೇ ಓದು ಒಲಿಯದ ಮಗುವೊಂದರ ಕುರಿತು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದರು. ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗ. ಚುರುಕಿನವನು, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ. 749ನ್ನು 867ರಿಂದ ಥಟ್ಟನೆ ಸರಿಯಾಗಿ ಗುಣಿಸುತ್ತಾನೆ. ತನ್ನ ಹೆಸರನ್ನೇ ಬರೆಯುವಾಗ ಮಾತ್ರ ‘ಪರ್ಸಿ’ಯ ಜಾಗದಲ್ಲಿ ಅಕ್ಷರ ಅದಲುಬದಲಾಗಿ ‘ಪ್ರೆಸಿ’ ಆಗುತ್ತದೆ. ಒಂದಕ್ಕಿಂತ ಹೆಚ್ಚು ಸಲ ತೋರಿಸಿಕೊಡುವವರೆಗೂ ತಪ್ಪು ಅವನಿಗೆ ಕಾಣುವುದಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇವನು ಶಾಲೆಯಲ್ಲೇ ಅತಿ ಜಾಣನಾಗಿರುತ್ತಿದ್ದ ಎಂದು ಅವನ ಮೇಷ್ಟ್ರು ವೈದ್ಯರಿಗೆ ಹೇಳಿದ್ದರಂತೆ. ಆ ಮೇಷ್ಟ್ರನ್ನು ನಾನು ಗೌರವದಿಂದ ನೆನೆಯುತ್ತೇನೆ. ಮಗುವನ್ನು ಅವರು ಸರಿಯಾಗಿ ನೋಡಿದ್ದರು. ಅದಾಗಿ ನೂರು ವರ್ಷದ ಸುಮಾರಿಗೆ ನನ್ನ ತರಗತಿಯ ಪರ್ಸಿಯನ್ನು ನಾನು ಮೊಣಕಾಲೂರಿಸಿದ್ದೆ.

ಇಂಥ ಮಕ್ಕಳು ಎಷ್ಟಿದ್ದಾರೆ? ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಬೇರೆ ಬೇರೆ ಭಾಷೆ, ಸಂಸ್ಕೃತಿಗಳ ಶಾಲಾ ಮಕ್ಕಳಲ್ಲಿ ನೂರಕ್ಕೆ 5ರಿಂದ 15. ಅತಿ ಕಡಿಮೆ ಲೆಕ್ಕ ಹಿಡಿದರೂ 40 ಮಕ್ಕಳ ತರಗತಿಯಲ್ಲಿ ಇಬ್ಬರು. ನನ್ನ ಸೇವಾವಧಿಯ ತರಗತಿಗಳನ್ನು ಎಣಿಸಿಕೊಂಡು ನೋಡಿದಾಗ ಆ ಸಂಖ್ಯೆ ನನ್ನನ್ನು ನಿದ್ದೆಗೆಡಿಸಿದೆ.

ಕನ್ನಡದ ಅಕ್ಷರ, ಕರಾವಳಿಯ ಮಗು

ಕನ್ನಡ ಆಡಿದಂತೆ ಬರೆಯುವ ಭಾಷೆ, ಇದರಲ್ಲಿ ಕಷ್ಟವೆಲ್ಲಿ ಎಂದು ಕೇಳುವವರಿದ್ದಾರೆ. ಅರ್ಧ ನಿಜ. ಇಂಗ್ಲಿಷಿನಂತೆ ಒಂದೇ ಅಕ್ಷರ ಹತ್ತು ಕಡೆ ಹತ್ತು ಬಗೆಯಾಗಿ ನುಡಿಯುವ ಕಾಟ ಇಲ್ಲಿಲ್ಲ. ಆದರೆ ವರ್ಣಮಾಲೆಯ 49 ಅಕ್ಷರ ಕಲಿತ ಮಾತ್ರಕ್ಕೆ ಕನ್ನಡ ಓದಲು ಬರುವುದಿಲ್ಲ. 34 ವ್ಯಂಜನಗಳ ಕಾಗುಣಿತವೊಂದೇ 400 ರೂಪಗಳನ್ನು ದಾಟುತ್ತದೆ, ಆಮೇಲೆ ಒತ್ತಕ್ಷರಗಳು. ಬ–ಭ, ದ–ಧ, ಪ–ಷ, ರ–ಠ ಇವುಗಳ ನಡುವೆ ಒಂದು ಗೀಟು, ಒಂದು ಚುಕ್ಕೆಯ ವ್ಯತ್ಯಾಸ. ‘ಸೂರ್ಯ’ ಎಂಬ ಪದವನ್ನು ನೋಡಿ. ಬಾಯಲ್ಲಿ ರ್ ಮೊದಲು, ಯ ಆಮೇಲೆ. ಕಾಗದದ ಮೇಲೆ ಯ ಮೊದಲು, ಅರ್ಕಾವತ್ತು ಆಮೇಲೆ. ನಮಗೆ ಅಭ್ಯಾಸವಾಗಿಬಿಟ್ಟಿದೆ, ಅಕ್ಷರಗಳ ಅನುಕ್ರಮವೇ ಕೈಗೆ ಸಿಗದ ಮಗುವಿಗೆ ಅದು ನಡೆಯುವ ದಾರಿಯಲ್ಲಿ ಹೊಂಡ.

ಬೆಂಗಳೂರಿನಲ್ಲಿ ಕನ್ನಡ ಓದಿನ ಕುರಿತು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನೇ ತೋರಿಸಿತು. ಕನ್ನಡದ ಮಗು ಮೂರು, ನಾಲ್ಕನೆಯ ತರಗತಿಯಲ್ಲೂ ಅಕ್ಷರಗಳನ್ನು ಕಲಿಯುತ್ತಲೇ ಇರುತ್ತದೆ. ಅಂದರೆ ಒಂದನೆಯ ತರಗತಿ ಮುಗಿಯುವಷ್ಟರಲ್ಲಿ ಓದಬೇಕು ಎಂಬ ನಮ್ಮ ಅವಸರ ಸಾಮಾನ್ಯ ಮಗುವಿಗೇ ಭಾರ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ನಮ್ಮ ಮಣಿಪಾಲದ ವಾಕ್ ಶ್ರವಣ ವಿಭಾಗದಲ್ಲೂ ಇಂಥ ಮಕ್ಕಳನ್ನು ಪರೀಕ್ಷಿಸಬಲ್ಲ ತಜ್ಞರಿದ್ದಾರೆ. ತಿಳಿವಳಿಕೆ ನಮ್ಮ ಮನೆಬಾಗಿಲಲ್ಲೇ ಇದೆ.

ಇದರ ಮೇಲೆ ಕರಾವಳಿಯ ಭಾಷೆಗಳ ಹೊರೆ. ಇಲ್ಲಿನ ಕ್ರೈಸ್ತ ಮಗು ಮನೆಯಲ್ಲಿ ಕೊಂಕಣಿ ಇಲ್ಲವೇ ತುಳು ಆಡುತ್ತದೆ. ಬೀದಿಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಜೊತೆಗೆ ಹಿಂದಿ. ಭಾನುವಾರ ಧರ್ಮೋಪದೇಶ ಕಲಿಸುವ ದೊತೊರ್ನ್ ತರಗತಿಯಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ. ನಾಲ್ಕು ಭಾಷೆ ಆಡುವುದು ನಮ್ಮ ಮಕ್ಕಳಿಗೆ ನೀರು ಕುಡಿದಷ್ಟು ಸಲೀಸು, ಅದು ಅವರ ಸಂಪತ್ತು. ಆದರೆ ಮೂರು ಲಿಪಿಗಳನ್ನು ಒಟ್ಟಿಗೆ ಕಣ್ಣಮುಂದೆ ಸುರಿದಾಗ ಕಲಿಕಾ ನ್ಯೂನತೆಯ ಮಗು ಕಂಗಾಲಾಗುತ್ತದೆ. ಮೊದಲು ಒಂದು ಲಿಪಿ ಗಟ್ಟಿಯಾಗಲಿ; ಕನ್ನಡದ್ದಾದರೆ ಒಳ್ಳೆಯದು, ಧ್ವನಿಗೂ ಅಕ್ಷರಕ್ಕೂ ಅಲ್ಲಿ ನಂಬಿಕೆಯ ಸಂಬಂಧವಿದೆ. ಉಳಿದವು ಅದರ ಬೆನ್ನಿಗೆ ಬರಲಿ.

ಇನ್ನೊಂದು ಸಣ್ಣ ಮಾತು. ಪ್ರಥಮ ಪರಮಪ್ರಸಾದದ ದಿನ ಒಂದೊಂದು ಮಗುವಿನಿಂದಲೂ ಏನಾದರೂ ಓದಿಸಬೇಕೆಂದು ದೊತೊರ್ನ್ ಶಿಕ್ಷಕರು ಆಸೆಪಡುತ್ತಾರೆ. ಇಡೀ ಇಗರ್ಜಿಯ ಮುಂದೆ ಮೈಕಿನೆದುರು ನಿಂತು ತೊದಲಿದ ಮಗು ಆ ಪವಿತ್ರ ದಿನವನ್ನು ಬದುಕಿಡೀ ಯಾವ ಭಾವದಿಂದ ನೆನೆಯಬೇಕು? ಅಂಥ ಮಗುವಿಗೆ ಬಾಯಿಪಾಠದ ಪ್ರಾರ್ಥನೆ ಕೊಡಿ, ಹಾಡು ಕೊಡಿ, ಕಾಣಿಕೆ ತರುವ ಸರದಿ ಕೊಡಿ. ಮೊಂತಿ ಫೆಸ್ತಿನಲ್ಲಿ ಬಾಲ ಮರಿಯಮ್ಮನಿಗೆ ಹೂ ಅರ್ಪಿಸಲು ಯಾರೂ ಓದು ಬರಬೇಕೆಂದು ಕೇಳುವುದಿಲ್ಲವಲ್ಲ.

ನಮ್ಮ ಶಾಲೆಗಳು ಯಾಕೆ ಹುಟ್ಟಿದವು?

1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು ಮಂಗಳೂರಿನಲ್ಲಿ ಇಳಿದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವರು ಅವರೇ. ಮೋಗ್ಲಿಂಗ್ ಅವರ ಹುಟ್ಟೂರು ವುರ್ಟೆಂಬರ್ಗ್ ನಾಡಿನಲ್ಲಿತ್ತು. ಆ ನಾಡಿನ ರಾಜಧಾನಿ ಸ್ಟುಟ್‌ಗಾರ್ಟ್. ಡಿಸ್ಲೆಕ್ಸಿಯಾ ಎಂಬ ಶಬ್ದ ಹುಟ್ಟಿದ್ದು ಅಲ್ಲೇ ಎಂದು ಆಗ ಹೇಳಿದೆ. ಆ ಶಬ್ದ ಬಂದ ಏಳು ವರ್ಷಕ್ಕೆ, 1894ರಲ್ಲಿ, ಬಾಸೆಲ್ ಮಿಷನರಿ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ನಮ್ಮ ಶಬ್ದಗಳನ್ನೆಲ್ಲ ಪ್ರೀತಿಯಿಂದ ಪೋಣಿಸಿಟ್ಟವರ ಪರಂಪರೆಯ ಶಾಲೆಗಳಿಗೆ, ಶಬ್ದ ಓದಲಾಗದ ಮಗುವಿನ ಮೇಲೂ ಆ ಪ್ರೀತಿ ಇರಬೇಕಲ್ಲವೇ?

ಆ ಕಾಲದ ಶಾಲೆಗಳು ಯಾರಿಗೆ ಬಾಗಿಲು ತೆರೆದವು ಎನ್ನುವುದು ಮುಖ್ಯ. ಅಕ್ಷರ ನಿಮಗಲ್ಲ ಎಂದು ಸಮಾಜ ಹೊರಗಿಟ್ಟವರಿಗೆ, ಹೆಣ್ಣುಮಕ್ಕಳಿಗೆ. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಹುಡುಗಿಯರಿಗೆ ಶಾಲೆ ನಡೆಸಿದರು. 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನೇ ಕಟ್ಟಿದರು. ಮತಾಂತರಗೊಂಡು ಜೀವನೋಪಾಯ ಕಳೆದುಕೊಂಡವರಿಗೆ ನೇಯ್ಗೆ ಕಲಿಸಿದ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್, ಕೈಕೆಲಸವೂ ವಿದ್ಯೆಯೇ ಎಂದು ನಂಬಿತ್ತು. ಅಂದು ಅಕ್ಷರವಂಚಿತರು ಶಾಲೆಯ ಹೊರಗಿದ್ದರು. ಅವರನ್ನು ಹುಡುಕಿಕೊಂಡು ಮಿಷನ್ ಶಾಲೆ ಹೋಯಿತು. ಇಂದಿನ ಅಕ್ಷರವಂಚಿತರು ಶಾಲೆಯ ಒಳಗೇ, ಸಮವಸ್ತ್ರ ತೊಟ್ಟು, ಫೀಸು ಕಟ್ಟಿ ಕುಳಿತಿದ್ದಾರೆ. ಹುಡುಕಲು ದೂರ ಹೋಗಬೇಕಾಗಿಲ್ಲ, ತರಗತಿಯ ಹಿಂದಿನ ಸಾಲಿನವರೆಗೆ ನಡೆದರೆ ಸಾಕು.

ನಮ್ಮ ಜಿಲ್ಲೆಯ ಫಲಿತಾಂಶದ ಬಗ್ಗೆ ನಮಗೆ ಹೆಮ್ಮೆ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಉಡುಪಿ ಶೇ. 94ರೊಂದಿಗೆ ರಾಜ್ಯಕ್ಕೆ ಮೊದಲು ಬಂತು. ಆ ಹೆಮ್ಮೆ ನನಗೂ ಇದೆ. ಆದರೆ ಶಾಲೆಯ ಗೇಟಿಗೆ ‘ಶೇ. 100 ಫಲಿತಾಂಶ’ ಎಂಬ ಫ್ಲೆಕ್ಸ್ ಕಟ್ಟುವ ಆಸೆಯಲ್ಲಿ ಒಂಬತ್ತನೆಯ ತರಗತಿಯ ಕೊನೆಗೆ ಕೆಲವು ತಂದೆತಾಯಂದಿರನ್ನು ಕರೆಸಿ, “ಇವನಿಗೆ ಇಲ್ಲಿ ಕಷ್ಟ, ಟಿಸಿ ತೆಗೆದುಕೊಂಡು ಹೋಗಿ” ಎನ್ನುವ ರೂಢಿ ನಮ್ಮ ನಡುವೆ ಬೆಳೆದಿದೆ. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ, ಕಂಡು ಸುಮ್ಮನಿದ್ದೇನೆ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮತಿ ನಿಮಗೆ ಗೊತ್ತು. ನೂರು ಕುರಿಗಳ ಕುರುಬ ತಪ್ಪಿಹೋದ ಒಂದಕ್ಕಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೊರಟ. ನೂರಕ್ಕೆ ನೂರು ಬರಬೇಕೆಂದು ಆ ಒಂದನ್ನೇ ಹೊರಗೆ ಕಳಿಸುವ ಶಾಲೆ ತನ್ನ ಹೆಸರಿನ ಮುಂದೆ ಯಾವ ಸಂತರ ಹೆಸರಿಟ್ಟುಕೊಂಡರೂ ಆ ಕುರುಬನ ಶಾಲೆಯಾಗಲಾರದು.

ಕಾನೂನು ಏನು ಹೇಳುತ್ತದೆ?

1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ನ್ಯೂನತೆಗಳಷ್ಟೇ ಇದ್ದವು, ಕಲಿಕಾ ನ್ಯೂನತೆ ಅದರಲ್ಲಿರಲಿಲ್ಲ. 2007ರ ಕೊನೆಯಲ್ಲಿ ‘ತಾರೆ ಜಮೀನ್ ಪರ್’ ಚಿತ್ರ ಬಂದಾಗ ಇಡೀ ದೇಶ ಕಣ್ಣೀರಿಟ್ಟಿತು, ಆದರೆ ಆ ಕಥೆಯ ಡಿಸ್ಲೆಕ್ಸಿಯಾ ಇರುವ ಬಾಲಕನಂಥವರಿಗೆ ಕೇಂದ್ರದ ಕಾಯ್ದೆಯಲ್ಲಿ ಇನ್ನೂ ಜಾಗವಿರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಸೇರಿಸಿತು. ಸರ್ಕಾರದ ಅನುದಾನ ಇಲ್ಲವೇ ಮಾನ್ಯತೆ ಪಡೆದ ಶಾಲೆಗಳು ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ಕೊಡಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ ಅದರ 16ನೆಯ ಕಲಮು.

ಇಲ್ಲಿ ಆಡಳಿತ ಮಂಡಳಿಗಳ ಹಿರಿಯರು ಒಂದು ಮಾತು ಎತ್ತುತ್ತಾರೆ: ನಮ್ಮದು ಅಲ್ಪಸಂಖ್ಯಾತ ಸಂಸ್ಥೆ, ನಮಗಿದು ಅನ್ವಯಿಸದು. ಅವರ ಮನಸ್ಸಿನಲ್ಲಿರುವುದು 2009ರ ಶಿಕ್ಷಣ ಹಕ್ಕು ಕಾಯ್ದೆ. ಆ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟು 2014ರ ಮೇ ತಿಂಗಳಲ್ಲಿ ಪ್ರಮತಿ ಪ್ರಕರಣದಲ್ಲಿ ತೀರ್ಪಿತ್ತದ್ದು ನಿಜ. 2025ರ ಸೆಪ್ಟೆಂಬರ್ 1ರಂದು ಅದೇ ಕೋರ್ಟಿನ ದ್ವಿಸದಸ್ಯ ಪೀಠ ಆ ತೀರ್ಪು ಸರಿಯೇ ಎಂದು ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠದ ಮುಂದಿಡಲು ಸೂಚಿಸಿತು. ಆದರೆ 2016ರ ಕಾಯ್ದೆಯೇ ಬೇರೆ. ಅದರ 16ನೆಯ ಕಲಮಿನಲ್ಲಿ ಅಲ್ಪಸಂಖ್ಯಾತ ಶಾಲೆ, ಬಹುಸಂಖ್ಯಾತ ಶಾಲೆ ಎಂಬ ಭೇದವಿಲ್ಲ. ಸಂವಿಧಾನದ 30ನೆಯ ವಿಧಿ ನಮಗೆ ಶಾಲೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ. ಅದು ಸಮುದಾಯಕ್ಕೆ ದಕ್ಕಿದ ದೊಡ್ಡ ಗೌರವ. ಕೈಲಾಗದ ಮಗುವಿನಿಂದ ಜಾರಿಕೊಳ್ಳಲು ಆ ಹಕ್ಕನ್ನು ಬಳಸಿದರೆ ಅದನ್ನು ನಾವೇ ಕಿರಿದುಮಾಡಿದಂತೆ.

2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಮಕ್ಕಳ ಪ್ರಾಥಮಿಕ ಗುರುತಿಸುವಿಕೆಯ ಹೊಣೆಯನ್ನು ಶಿಕ್ಷಕರಿಗೇ ಕೊಟ್ಟಿತು. ಮೂರನೆಯ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ. 2022ರಲ್ಲಿ ಎನ್‌ಸಿಇಆರ್‌ಟಿ ‘ಪ್ರಶಸ್ತ್’ ಎಂಬ ಪರಿಶೀಲನಾ ಪಟ್ಟಿಯನ್ನೂ ಮೊಬೈಲ್ ಆ್ಯಪನ್ನೂ ಹೊರತಂದಿದೆ. ಸಮಗ್ರ ಶಿಕ್ಷಣದಡಿ ತಾಲೂಕು ಮಟ್ಟದಲ್ಲಿ ಬಿಐಇಆರ್‌ಟಿ ಎಂದು ಕರೆಯುವ ಸಮನ್ವಯ ಸಂಪನ್ಮೂಲ ಶಿಕ್ಷಕರಿದ್ದಾರೆ. ನ್ಯೂನತೆಯ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವಿನಂಥ ಸೌಲಭ್ಯ ಸಿಗುತ್ತವೆ. ಗಂಟೆಗೆ 20 ನಿಮಿಷಕ್ಕೆ ಕಡಿಮೆಯಾಗದ ಹೆಚ್ಚುವರಿ ಸಮಯ ಕೊಡಬೇಕೆಂಬುದು 2018ರ ಆಗಸ್ಟಿನ ಕೇಂದ್ರ ಮಾರ್ಗಸೂಚಿಯ ಸೂತ್ರವಾಗಿತ್ತು. ಇದು ದಯೆಯಲ್ಲ. ಕನ್ನಡಕ ಹಾಕಿದವನಿಗೆ ಕನ್ನಡಕ ತೆಗೆದು ಪರೀಕ್ಷೆ ಬರೆ ಎನ್ನುತ್ತೇವೆಯೇ? ಇದೂ ಅಂಥದ್ದೇ.

ಹೊಯಿಗೆಯ ಮೇಲೆ ಅಕ್ಷರ

ಕಾನೂನು ಬಾಗಿಲು ತೆರೆಯುತ್ತದೆ, ಕಲಿಸುವುದು ಶಿಕ್ಷಕರೇ. ಕಲಿಸುವ ಬಗೆ ಹೇಗೆ ಎಂಬುದನ್ನು ನಿವೃತ್ತಿಯ ನಂತರ ವಿಶೇಷ ಶಿಕ್ಷಕಿಯೊಬ್ಬರ ಪಕ್ಕದಲ್ಲಿ ಕುಳಿತು ನಾನು ಕಂಡೆ. ಒಂದು ಅಲ್ಯೂಮಿನಿಯಂ ತಟ್ಟೆ, ಅದರಲ್ಲಿ ಜರಡಿ ಹಿಡಿದ ಹೊಯಿಗೆ. ಎದುರಿಗೆ ಎಂಟು ವರ್ಷದ ಹುಡುಗಿ. ಶಿಕ್ಷಕಿ ‘ಬ’ ಎಂದರು. ಹುಡುಗಿ ‘ಬ’ ಎನ್ನುತ್ತ ಹೊಯಿಗೆಯ ಮೇಲೆ ಎರಡು ಬೆರಳಲ್ಲಿ ದೊಡ್ಡದಾಗಿ ಬರೆದಳು. ಅಳಿಸಿ ಮತ್ತೆ ಬರೆದಳು. ಕಣ್ಣು ಮುಚ್ಚಿ ಬರೆದಳು. ‘ಬ’ದಿಂದ ಆರಂಭವಾಗುವ ಪದ ಕೇಳಿದರು. “ಬಂಗುಡೆ” ಎಂದಳು, ನಕ್ಕಳು. ಆ ದಿನ ‘ಭ’ದ ಮಾತೇ ಇಲ್ಲ. ‘ಬ’ ಗಟ್ಟಿಯಾದ ಎರಡು ವಾರದ ಮೇಲೆ ‘ಭ’ ಬಂತು. ಇಪ್ಪತ್ತು ನಿಮಿಷದಲ್ಲಿ ಒಂದೇ ಅಕ್ಷರ. ಆದರೆ ಕಣ್ಣು, ಕಿವಿ, ಬಾಯಿ, ಬೆರಳು ನಾಲ್ಕೂ ಅದನ್ನು ಕಲಿತವು.

ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಆನಾ ಗಿಲಿಂಗ್‌ಹ್ಯಾಮ್ 1930ರ ದಶಕದಲ್ಲಿ ರೂಪಿಸಿದ ಬಹುಇಂದ್ರಿಯ ಪದ್ಧತಿಯ ತಿರುಳು ಇದೇ. ನಮ್ಮ ಅಜ್ಜಂದಿರು ಐಗಳ ಮಠದಲ್ಲಿ ಹೊಯಿಗೆಯ ಮೇಲೆ ಬೆರಳಾಡಿಸಿ, ಗಟ್ಟಿಯಾಗಿ ಹೇಳುತ್ತ ಅಕ್ಷರ ಕಲಿತದ್ದೂ ಹೀಗೆಯೇ. ಕಾಪುವಿನ ಕಡಲ ಕರೆಯಲ್ಲಿ ಹೊಯಿಗೆಗೆ ಬರಗಾಲವಿಲ್ಲ. ಬೇಕಾದದ್ದು ಸಮಯ, ತಾಳ್ಮೆ ಮತ್ತು ಇದನ್ನು ಕಲಿತ ಒಬ್ಬ ಶಿಕ್ಷಕಿ.

ಪ್ರತಿ ಶಾಲೆಗೂ ವಿಶೇಷ ಶಿಕ್ಷಕರನ್ನು ನೇಮಿಸಲು ಹಣವೆಲ್ಲಿ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಕನ್ನಡ ಮಾಧ್ಯಮದ ಅನೇಕ ಶಾಲೆಗಳು ಉಸಿರು ಹಿಡಿದು ನಡೆಯುತ್ತಿವೆ. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತವಾದ ಮೇಲೆ ನಮ್ಮ ಶಾಲೆಗಳು ಪರಸ್ಪರ ಹತ್ತಿರವಾಗಿವೆ. ಶಂಕರಪುರ, ಕಟಪಾಡಿ, ಉದ್ಯಾವರ, ಶಿರ್ವದಂಥ ಅಕ್ಕಪಕ್ಕದ ಊರುಗಳ ನಾಲ್ಕೈದು ಶಾಲೆಗಳು ಸೇರಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಒಬ್ಬ ವಿಶೇಷ ಶಿಕ್ಷಕರನ್ನು ನೇಮಿಸಿಕೊಳ್ಳಲಿ. ದಿನಕ್ಕೊಂದು ಶಾಲೆಯಂತೆ ಅವರು ಬರಲಿ. ಕಾರ್ಕಳದ ಕಡೆಯವರೂ ಹೀಗೆಯೇ ಒಂದು ಗುಂಪು ಕಟ್ಟಿಕೊಳ್ಳಲಿ. ಪ್ರೊಟೆಸ್ಟಂಟ್, ಕೆಥೊಲಿಕ್ ಎಂಬ ಗೋಡೆ ಈ ಕೆಲಸಕ್ಕೆ ಬೇಡ. ಹಿಂದೂ, ಮುಸ್ಲಿಂ ಆಡಳಿತದ ಶಾಲೆಗಳೂ ಬಂದರೆ ಕೈಹಿಡಿದು ಬರಮಾಡಿಕೊಳ್ಳೋಣ. ನಮ್ಮ ತರಗತಿಗಳಲ್ಲಿ ಕುಳಿತಿರುವುದು ಎಲ್ಲರ ಮಕ್ಕಳು. ಈ ಊರಿನವರು ಮುಂಬಯಿಯಲ್ಲಿ, ಗಲ್ಫಿನಲ್ಲಿ ದುಡಿದು ಇಗರ್ಜಿಗೆ, ದೇವಸ್ಥಾನಕ್ಕೆ, ಶಾಲೆಯ ಕಟ್ಟಡಕ್ಕೆ ಕೈಬಿಚ್ಚಿ ಕೊಟ್ಟಿದ್ದೀರಿ. ಮುಂದಿನ ಸಲ ಕೊಡುವಾಗ ಒಬ್ಬ ವಿಶೇಷ ಶಿಕ್ಷಕಿಯ ಸಂಬಳಕ್ಕೆಂದು ಕೊಡಿ. ಗೋಡೆಯ ಮೇಲೆ ಹೆಸರು ಕೆತ್ತಿಸಲು ಅದರಲ್ಲಿ ಜಾಗವಿಲ್ಲ, ಆದರೆ ಒಂದು ಮಗು ತನ್ನ ಹೆಸರನ್ನು ತಾನೇ ಬರೆಯಲು ಕಲಿತಿರುತ್ತದೆ.

ತಂದೆತಾಯಂದಿರಿಗೆ, ಸಹೋದ್ಯೋಗಿಗಳಿಗೆ

ತಂದೆತಾಯಂದಿರೇ, ಪರೀಕ್ಷೆ ಮಾಡಿಸಿ ಎಂದು ಶಾಲೆ ಹೇಳಿದಾಗ ನೀವು ಹೆದರುವುದು ನನಗೆ ಗೊತ್ತು. “ನಮ್ಮ ಮಗನಿಗೆ ಹುಚ್ಚೇ?” ಎಂದು ಕಣ್ಣೀರಿಟ್ಟ ತಂದೆಯನ್ನು ನೋಡಿದ್ದೇನೆ. “ತಾಕಾ ವಾಚುಂಕ್ ಯೇನಾ” ಎಂದು ಕೊಂಕಣಿಯಲ್ಲಿ ಪಿಸುಗುಟ್ಟಿ, ಹೊರಗೆ ಯಾರಿಗೂ ಹೇಳಬೇಡಿ ಎಂದು ಕೈಮುಗಿದ ತಾಯಿಯನ್ನೂ ನೋಡಿದ್ದೇನೆ. ಹೆಸರಿಟ್ಟರೆ ಮಗು ಸಣ್ಣದಾಗುತ್ತದೆ ಎಂದುಕೊಳ್ಳಬೇಡಿ. ಹೆಸರು ಅದಕ್ಕೆ ಆಗಲೇ ಇದೆ: ದಡ್ಡ, ಸೋಮಾರಿ, ಪೋಕ್ರಿ. ಆ ಸುಳ್ಳು ಹೆಸರುಗಳನ್ನು ಕಿತ್ತು ನಿಜವಾದ ಹೆಸರಿಡುವುದಕ್ಕೇ ಈ ಪರೀಕ್ಷೆ. ಇದಕ್ಕೆ ಮಾತ್ರೆಯಿಲ್ಲ, ಮಂತ್ರವಿಲ್ಲ, ಹರಕೆಯಿಂದ ಹೋಗುವುದಲ್ಲ. ಸರಿಯಾದ ಕಲಿಕೆಯಿಂದ ಮಗು ತನ್ನ ದಾರಿ ಕಂಡುಕೊಳ್ಳುತ್ತದೆ. ಪ್ರಮಾಣಪತ್ರದ ಕೆಲಸವನ್ನು ಹತ್ತನೆಯ ತರಗತಿಯ ಡಿಸೆಂಬರಿಗೆ ಇಟ್ಟುಕೊಳ್ಳಬೇಡಿ. ಅಷ್ಟರಲ್ಲಿ ಮಗುವಿನ ಆತ್ಮವಿಶ್ವಾಸ ಮುಗಿದಿರುತ್ತದೆ.

ಸಹೋದ್ಯೋಗಿಗಳೇ, ನಾಳೆಯಿಂದಲೇ ಮಾಡಬಹುದಾದ ಕೆಲವು ಸಂಗತಿಗಳಿವೆ. ಇಂಥ ಮಗುವಿನಿಂದ ತರಗತಿಯ ಮುಂದೆ ಗಟ್ಟಿಯಾಗಿ ಓದಿಸಬೇಡಿ. ಗೊತ್ತಿರುವ ಉತ್ತರವನ್ನು ಬಾಯಲ್ಲಿ ಹೇಳಲು ಬಿಡಿ, ಹೇಳಿದ್ದಕ್ಕೂ ಅಂಕ ಕೊಡಿ. ಕಪ್ಪುಹಲಗೆಯಿಂದ ಪೂರ್ತಿ ನಕಲು ಮಾಡಿಸುವ ಬದಲು ಅಚ್ಚಾದ ಹಾಳೆ ಕೊಡಿ. ಕಾಗುಣಿತದ ತಪ್ಪಿಗೆ ವಿಜ್ಞಾನದ ಅಂಕ ಕಳೆಯಬೇಡಿ. ತಪ್ಪು ಬರೆದ ಪದವನ್ನು ನೂರು ಸಲ ಬರೆಸಬೇಡಿ. ತಪ್ಪನ್ನೇ ನೂರು ಸಲ ಬರೆದು ಅದನ್ನೇ ಕಲಿಯುತ್ತಾನೆ. ಅವನ ಕೈಗೆ ಯಾವ ಕೆಲಸ ಒಲಿದಿದೆ ಎಂದು ನೋಡಿ, ಅದನ್ನು ಎಲ್ಲರ ಮುಂದೆ ಮೆಚ್ಚಿ. ಮಲ್ಲಿಗೆ ಎಣಿಸುವ ಬೆರಳಿಗೆ ಗಣಿತ ಗೊತ್ತಿತ್ತು, ನಾನು ಕೇಳಲಿಲ್ಲ.

ಕೊನೆಯದಾಗಿ ಒಂದೇ ಬೇಡಿಕೆ. ಇಲ್ಲಿರುವ ಮುಖ್ಯಶಿಕ್ಷಕರು, ಸಂಚಾಲಕರು ಇದೊಂದನ್ನು ಒಪ್ಪಿಕೊಂಡರೆ ಈ ದತ್ತಿ ಉಪನ್ಯಾಸ ಸಾರ್ಥಕ. ಬರುವ ಜೂನಿನಲ್ಲಿ ಶಾಲೆ ತೆರೆದ ಮೇಲೆ ಮೂರನೆಯ ತರಗತಿಯ ಪ್ರತಿಯೊಂದು ಮಗುವನ್ನೂ ಒಬ್ಬೊಬ್ಬರಾಗಿ, ಉಳಿದವರ ಕಿವಿಗೆ ಬೀಳದ ಜಾಗದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಮೊದಲು ನೋಡಿರದ ಒಂದು ಪುಟವನ್ನು ಓದಿಸಿ. ಹತ್ತು ನಿಮಿಷ ಕೇಳಿ. ಬೈಯಬೇಡಿ, ತಿದ್ದಬೇಡಿ, ಬರಿದೇ ಕೇಳಿ. ಎಲ್ಲಿ ಬೆರಳು ನಿಂತುಬಿಡುತ್ತದೆಯೋ ಗುರುತುಹಾಕಿಕೊಳ್ಳಿ. 40 ಮಕ್ಕಳ ತರಗತಿಗೆ 400 ನಿಮಿಷ. ಏಳು ಗಂಟೆಗೂ ಕಡಿಮೆ. ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಆ ಏಳು ಗಂಟೆಯನ್ನು ನಾನು ಒಮ್ಮೆಯೂ ಕೊಡಲಿಲ್ಲ. ನೀವು ಕೊಡಿ.